ಇಪ್ಪತ್ಮೂರನೇ ಪ್ಲಾಟು ಹಸಿಯೋ ಒಣವೋ

ಇಷ್ಟಕ್ಕೆಲ್ಲ ಕಾರಣ ಒಂದು ಸರಕಾರಿ ಫಾರ್ಮಿನ ಏಳನೆಯ ಕಾಲಮ್ಮು. ‘ನಿಮ್ಮ ಪ್ಲಾಟಿನಲ್ಲಿ ನೀರು ಇದೆಯೇ?’ ಎಂದು ಅದರಲ್ಲಿ ಕೇಳಿದ್ದರು. ಪ್ರಹ್ಲಾದರಾವ್ ತಮ್ಮ ಮುತ್ತಿನಂಥ ಅಕ್ಷರಗಳಲ್ಲಿ ‘ಭರಪೂರ ಇದೆ, ಹನ್ನೆರಡು ತಿಂಗಳೂ ನೆಲ ಹಸಿ’ ಎಂದು ಬರೆದು, ಕೆಳಗೆ ಒಂದು ಗೆರೆಯನ್ನೂ ಎಳೆದಿದ್ದರು.

ಹಾಗೆ ಬರೆಯದೆ ಇನ್ನೇನು ಬರೆಯಬೇಕಿತ್ತು? ನಾಲ್ಕೈದು ದಿನಕ್ಕೊಮ್ಮೆ ನಳ ಬರುವ ಸೊಲ್ಲಾಪುರದಲ್ಲಿ ತನ್ನ ಜಾಗದಲ್ಲಿ ನೀರಿಲ್ಲ ಎಂದು ಯಾರಾದರೂ ಕೈಯಾರೆ ಬರೆದುಕೊಟ್ಟಾರೆಯೇ? ಕುಂಭಾರಿಯ ಆಚೆ, ಹಳೆಯ ಕೆರೆಯ ಪಕ್ಕದ ಶೀತಲ ನಗರದಲ್ಲಿ ಪ್ಲಾಟು ಹಿಡಿದ ಮೂವತ್ತು ಜನರೂ ಹಾಗೆಯೇ ಬರೆದಿದ್ದರು. ಒಬ್ಬರಂತೂ ತಮ್ಮ ಪ್ಲಾಟಿನಲ್ಲಿ ಮೀನು ಸಿಗುತ್ತದೆ ಎಂದು ಬರೆದು ಹೆಂಡತಿಯ ಕೈಯಿಂದ ಬೈಸಿಕೊಂಡಿದ್ದರು, ಏಕೆಂದರೆ ಅವರ ಮನೆಯಲ್ಲಿ ಮೀನು ತಿನ್ನುತ್ತಿರಲಿಲ್ಲ.

ಪ್ರಹ್ಲಾದರಾವ್ ಒಂದು ಶಾಲೆಯ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಹನ್ನೊಂದು ವರ್ಷದಿಂದ ಕಸ್ತೂರಬಾಯಿಯವರ ವಾಡೆಯಲ್ಲಿ ಎರಡು ಖೋಲಿಗಳ ಬಾಡಿಗೆ ಮನೆ. ಅವರ ಹೆಂಡತಿ ದ್ವಾರಕಾಬಾಯಿ ಬಂಗಾರ ಕೇಳಿದವರಲ್ಲ, ರೇಷ್ಮೆ ಕೇಳಿದವರಲ್ಲ. ಅವರದು ಒಂದೇ ಮಾತು. “ನನಗ ದೊಡ್ಡ ಮನಿ ಬ್ಯಾಡ. ಬಾಗಿಲ ಮುಂದ ನೀರಿರಬೇಕು, ಅಷ್ಟ. ಯಾವಾಗ ಬೇಕು ಅವಾಗ ಕೈಕಾಲು ತೊಳಕೊಳ್ಳೋ ಹಂಗ.” ಈ ಮಾತನ್ನು ಅವರು ನಳ ಬಂದ ದಿನ ಒಮ್ಮೆ, ಬರದ ದಿನ ನಾಲ್ಕು ಸಲ ಹೇಳುತ್ತಿದ್ದರು.

ಅಂದು ನಳ ಬಂದ ದಿನ. ಪ್ರಹ್ಲಾದರಾವ್ ಪಂಚೆ ಎತ್ತಿ ಕಟ್ಟಿಕೊಂಡು ಒಂಬತ್ತನೇ ಕೊಡ ತುಂಬುತ್ತಿದ್ದಾಗ ಉದಯಕುಮಾರನ ಫೋನು ಬಂತು. ಉದಯಕುಮಾರ ಅದೇ ಶಾಲೆಯ ಕಚೇರಿಯ ಇನ್ನೊಬ್ಬ ಕ್ಲಾರ್ಕ್. ಅವನಿಗೆ ಗೊತ್ತಿಲ್ಲದ ಸುದ್ದಿಯಿಲ್ಲ, ಅವನು ಪೂರ್ತಿ ತಿಳಿದುಕೊಂಡ ಸುದ್ದಿಯೂ ಇಲ್ಲ.

“ರಾವ್‌ಸಾಹೇಬ್ರ, ನಿಮ್ಮ ಕಾಲನಿ ನಕಾಶಾ ಬದಲ ಮಾಡ್ಲಿಕ್ಹತ್ಯಾರಂತ,” ಎಂದ ಅವನು. ಕೆರೆಯ ಸುತ್ತಲಿನ ಹಸಿ ನೆಲವನ್ನು ಉಳಿಸಬೇಕೆಂದು ಮೇಲಿನಿಂದ ಆದೇಶ ಬಂದಿದೆ, ಎಲ್ಲೆಲ್ಲಿ ನೀರು ನಿಲ್ಲುತ್ತದೋ ಅಲ್ಲಲ್ಲಿಯ ಪ್ಲಾಟುಗಳೆಲ್ಲ ರದ್ದು, ಯಾರು ನೀರು ಇದೆ ಎಂದು ಫಾರ್ಮಿನಲ್ಲಿ ಬರೆದಿದ್ದಾರೋ ಅವರ ಪ್ಲಾಟಿಗೆಲ್ಲ ನೀಲಿ ಬಣ್ಣ ಬಳಿದಿದ್ದಾರೆ, ಇವತ್ತು ಮೂರು ಗಂಟೆಗೆ ಸಾಹೇಬರು ಬಂದು ಕಣ್ಣಾರೆ ನೋಡಿ ಪಂಚನಾಮೆ ಮಾಡುತ್ತಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

“ನಾ ಏನ್ ಮಾಡಲಿ?”

“ಒಣಗಸ್ರಿ.”

ಕೊಡ ತುಂಬಿ ಹರಿಯುತ್ತಿತ್ತು. ದ್ವಾರಕಾಬಾಯಿ ಒಳಗಿನಿಂದ ಕೂಗಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಪ್ರಹ್ಲಾದರಾವ್ ನೀರು ಹರಿದು ಹೋಗುವುದನ್ನು ಸುಮ್ಮನೆ ನೋಡುತ್ತ ನಿಂತಿದ್ದರು.

ಶಾಲೆಗೆ ರಜೆಯ ಚೀಟಿ ಕಳಿಸಿ, ಸ್ಕೂಟರ್ ಹತ್ತಿ, ಅಕ್ಕಲಕೋಟೆಯ ರಸ್ತೆ ಹಿಡಿದು ಕುಂಭಾರಿ ಮುಟ್ಟುವ ಹೊತ್ತಿಗೆ ಹತ್ತೂವರೆ. ದೊಡ್ಡ ರಸ್ತೆಯಿಂದ ಎಡಕ್ಕೆ ತಿರುಗಿ ಒಳಗೆ ಹೋದರೆ ಶೀತಲ ನಗರ. ನಗರ ಎಂದರೆ ಸದ್ಯಕ್ಕೆ ಒಂದು ಕಮಾನು, ಮೂವತ್ತು ಪ್ಲಾಟುಗಳಿಗೆ ಗುರುತಿನ ಕಲ್ಲುಗಳು. ರಸ್ತೆಗಳೂ ಇದ್ದವು, ಆದರೆ ನಕಾಶೆಯಲ್ಲಿ. ನೆಲದ ಮೇಲೆ ಮುಖ್ಯ ರಸ್ತೆಯ ಜಾಗವೆಂದರೆ ಎರಡು ಸಾಲು ಕಲ್ಲುಗಳ ನಡುವಿನ ಒಂದು ತಗ್ಗು. ಮಳೆ ಮುಗಿದು ತಿಂಗಳಾದರೂ ಅದರಲ್ಲಿ ಮೊಣಕಾಲು ಮಟ್ಟ ನೀರು, ಆಳೆತ್ತರದ ಜೊಂಡು. ಅದರ ಅಂಚಿನ ಕಲ್ಲುಗಳ ಮೇಲೆ ಕಾಲಿಡುತ್ತ ಹೋಗಿ ದಾಟಿದರೆ ಒಂದು ಸಣ್ಣ ದಿಬ್ಬ. ಅದೇ ಇಪ್ಪತ್ಮೂರನೇ ಪ್ಲಾಟು.

ಈ ದಿಬ್ಬದ ಸಂಗತಿಯನ್ನು ಪ್ರಹ್ಲಾದರಾವ್ ಯಾರಿಗೂ ಹೇಳಿರಲಿಲ್ಲ. ಸುತ್ತಲಿನ ಪ್ಲಾಟುಗಳೆಲ್ಲ ಜಿನುಗುತ್ತಿದ್ದರೆ ಇವರದು ಮಾತ್ರ ಹಪ್ಪಳದಂತೆ ಒಣಗಿರುತ್ತಿತ್ತು. ಹಿಂದಿನ ಮೂಲೆಯಲ್ಲಿ ಒಂದು ಚಾಪೆಯಷ್ಟು ಜಾಗದಲ್ಲಿ ಮಾತ್ರ ತುಸು ಹಸಿ. ತೆಂಗಿನಕಾಯಿ ಅಂಗೈಯಲ್ಲಿಟ್ಟು ನೀರು ನೋಡುವ ಶಾಂತಲಿಂಗಪ್ಪ ಇಡೀ ಪ್ಲಾಟು ಸುತ್ತಿದಾಗಲೂ ಕಾಯಿ ಎದ್ದು ನಿಂತದ್ದು ಆ ಮೂಲೆಯಲ್ಲಿಯೇ. ಆ ಚಾಪೆಯಷ್ಟು ಜಾಗವನ್ನು ನೆನೆದೇ ಅವರು ‘ಭರಪೂರ’ ಎಂದು ಬರೆದದ್ದು. ಈಗ ಆ ಭರಪೂರವನ್ನು ಮುಚ್ಚಬೇಕಾಗಿತ್ತು.

ಕುಂಭಾರಿಯ ಸಿದ್ದಣ್ಣನ ಬಳಿ ಒಂದು ಟ್ರ್ಯಾಕ್ಟರ್ ಇತ್ತು. ಹಿಂದೆ ಟ್ರಾಲಿ ಕಟ್ಟಿದರೆ ಮುರುಮು ಮಣ್ಣು ಹೊರುತ್ತಿತ್ತು, ಟ್ರಾಲಿ ಬಿಚ್ಚಿ ಟ್ಯಾಂಕರ್ ಕಟ್ಟಿದರೆ ನೀರು ಹೊರುತ್ತಿತ್ತು. ಪ್ರಹ್ಲಾದರಾವ್ ಮುರುಮು ಬೇಕೆಂದರು. ಸಿದ್ದಣ್ಣ ತಗ್ಗಿಗೆ ಇಳಿಯದೆ ಹಿಂದಿನ ಹೊಲದ ಬದುವಿನ ಮೇಲಿಂದ ಬಳಸಿ ಬಂದು, ಹೊಲದವನಿಂದ ಬೈಸಿಕೊಂಡು, ಎರಡು ಟ್ರಾಲಿ ಮುರುಮು ಸುರುವಿದ. ಪ್ರಹ್ಲಾದರಾವ್ ತಾವೇ ಸಲಿಕೆ ಹಿಡಿದು ಹರಡಿದರು. ಹನ್ನೆರಡು ಗಂಟೆಗೆ ಪ್ಲಾಟು ಮರುಭೂಮಿಯ ತುಂಡಿನಂತೆ ಕಾಣತೊಡಗಿತು. ಅವರು ಬೆವರು ಒರೆಸಿಕೊಂಡು ಕಲ್ಲಿನ ಮೇಲೆ ಕುಳಿತು, ಬಹಳ ವರ್ಷಗಳ ನಂತರ ಒಂದು ಕೆಲಸವನ್ನು ಸರಿಯಾಗಿ ಮಾಡಿದೆ ಎಂದುಕೊಂಡರು.

ಆ ಸಂತೋಷ ಹತ್ತು ನಿಮಿಷ ಉಳಿಯಿತು.

ಹನ್ನೊಂದನೇ ನಿಮಿಷಕ್ಕೆ ಎದುರಿನ ಇಪ್ಪತ್ನಾಲ್ಕನೇ ಪ್ಲಾಟಿನ ಒಡೆಯ ಮಲಕಾಜಪ್ಪ ಕಾರಿನಲ್ಲಿ ಬಂದರು. ಮಲಕಾಜಪ್ಪನವರದು ಸೊಲ್ಲಾಪುರದ ಪೇಟೆಯಲ್ಲಿ ಚಾದರದ ಅಂಗಡಿ. ಲುಕ್ಸಾನಾಗುವ ಕಡೆ ಅವರ ಕಾಲೇ ಏಳುವುದಿಲ್ಲ ಎಂದು ಪ್ರತೀತಿ. ಅವರು ಪ್ಯಾಂಟು ಮಡಚಿಕೊಂಡು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬಂದು, ಮುರುಮನ್ನು ಒಮ್ಮೆ, ಪ್ರಹ್ಲಾದರಾಯರನ್ನು ಒಮ್ಮೆ ನೋಡಿದರು.

“ಇದೇನ್ ಮಾಡಾಕತ್ತೀರಿ, ರಾವ್‌ಸಾಹೇಬ್ರ?”

ಪ್ರಹ್ಲಾದರಾವ್ ಹೇಳಿದರು. ಮಲಕಾಜಪ್ಪನವರು ನಗಲಿಲ್ಲ, ಅದೇ ಹೆಚ್ಚು ಅಂಜಿಕೆ ಹುಟ್ಟಿಸಿತು. ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಅವರು ತಿಳಿಸಿ ಹೇಳಿದರು. ಪ್ಲಾಟು ರದ್ದಾದವರಿಗೆ ಬದಲಿ ಪ್ಲಾಟು ಕೊಡುತ್ತಾರೆ. ಎಲ್ಲಿ? ಮುಂದೆ, ಅಕ್ಕಲಕೋಟೆಯ ಹೆದ್ದಾರಿಗೆ ಅಂಟಿಕೊಂಡು, ಬಸ್ ನಿಲ್ಲುವ ಕಡೆ. ಅಲ್ಲಿ ನಳದ ಪೈಪು ಆಗಲೇ ಬಂದಿದೆ. ಹಸಿ ಇದ್ದವನೇ ಶಾಣ್ಯಾ, ಒಣ ಇದ್ದವನು ಇಲ್ಲೇ ಹಿಂದೆ ಕಪ್ಪೆಗಳ ಜೊತೆಗೆ ಸಂಸಾರ ಮಾಡಬೇಕು.

“ನನ್ನ ಜಾಗಾ ನೋಡ್ರಿ, ಕಾಲಿಟ್ಟರ ಪಾದ ಮುಳುಗತೈತಿ. ದೇವರು ಕೊಟ್ಟಾನ. ನೀವು ಅಂವ ಕೊಟ್ಟಿದ್ದನ್ನ ಮುಚ್ಚಿ ಕುಂತೀರಲ್ಲ.”

ಪ್ರಹ್ಲಾದರಾವ್ ಉದಯಕುಮಾರನಿಗೆ ಫೋನು ಹಚ್ಚಿದರು. ಬದಲಿ ಪ್ಲಾಟಿನ ವಿಷಯ ಆತನಿಗೂ ಗೊತ್ತಿತ್ತು. ಬೆಳಿಗ್ಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನೀವು ಕೇಳಲಿಲ್ಲವಲ್ಲ ಎಂದ.

ಮತ್ತೆ ಸಿದ್ದಣ್ಣ ಬಂದ, ಈ ಸಲ ಟ್ಯಾಂಕರ್ ಕಟ್ಟಿಕೊಂಡು. ಆತ ಬಹಳ ಸಭ್ಯ ಮನುಷ್ಯ, ಬೇರೆಯವರ ವ್ಯವಹಾರದಲ್ಲಿ ಬಾಯಿ ಹಾಕುವವನಲ್ಲ. ಆದರೂ ಪೈಪು ಬಿಚ್ಚುವ ಮುಂಚೆ ಒಮ್ಮೆ ಕೇಳಿದ. “ಸಾಹೇಬ್ರ, ಮುಂಜಾನಿ ಒಣ ಬೇಕಂದ್ರಿ. ಈಗ ಹಸಿ ಅಂತೀರಿ. ಸಂಜೀಕ ಏನು, ಈಗ ಹೇಳಿಬಿಡ್ರಿ, ಟ್ರಾಲಿ ಕಟಗೊಂಡ ಬರ್ತೀನಿ.”

ಟ್ಯಾಂಕರಿನ ಬಾಯಿ ತೆರೆದಾಗ ನೀರು ಭೋರೆಂದು ಹರಿಯಿತು. ಮುರುಮು ಅದನ್ನು ಗಟಗಟನೆ ಕುಡಿಯಿತು. ಐದು ನಿಮಿಷದ ನಂತರ ನೋಡಿದರೆ ನೆಲದ ಮೇಲೆ ತೇವದ ಗುರುತಷ್ಟೇ. ಎರಡನೇ ಟ್ಯಾಂಕರ್ ಬಂತು, ಅದೂ ಹಾಗೇ ಇಳಿದು ಹೋಯಿತು. ಮೂರನೆಯದಕ್ಕೆ ಪ್ಲಾಟಿನ ನಡುವೆ ಒಂದಿಷ್ಟು ಕೆಸರಾಯಿತು, ಪ್ರಹ್ಲಾದರಾಯರ ಎಡಗಾಲಿನ ಚಪ್ಪಲಿ ಅದರಲ್ಲಿ ಹೂತು ಹೋಗಿ ಮತ್ತೆ ಸಿಗಲಿಲ್ಲ. ತಮ್ಮ ಮನೆಯಲ್ಲಿ ತಿಂಗಳಿಗಾಗುವಷ್ಟು ನೀರನ್ನು ಒಂದು ತಾಸಿನಲ್ಲಿ ಮಣ್ಣಿಗೆ ಕುಡಿಸಿದೆನಲ್ಲ ಎಂದು ಅವರಿಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ದ್ವಾರಕಾ ನೋಡಿದ್ದರೆ ಸಲಿಕೆ ತೆಗೆದುಕೊಂಡು ಬರುತ್ತಿದ್ದಳು.

ಎರಡೂವರೆಗೆ ದ್ವಾರಕಾಬಾಯಿಯ ಫೋನೇ ಬಂತು.

“ಏನ್ರೀ, ಎಲ್ಲಿದ್ದೀರಿ? ಪ್ಲಾಟ್ ಬದಲ ಮಾಡಿ ಕೊಡ್ತಾರಂತಲ್ಲ. ಕಸ್ತೂರಬಾಯಿ ಹೇಳಿದ್ರು, ಬದಲೀ ಪ್ಲಾಟ್ ಚಿಂಚೋಳಿ ಎಂಐಡಿಸಿ ಕಡೆ ಅವಂತ. ಅವರು ಕಣ್ಣಾರೆ ನಕಾಶಾ ನೋಡ್ಯಾರ.”

ಚಿಂಚೋಳಿ ಎಂದರೆ ಊರಿನ ಇನ್ನೊಂದು ತುದಿ, ಕಾರ್ಖಾನೆಗಳು, ಗೋದಾಮುಗಳು, ಲಾರಿಗಳು. ಆ ಹೊಗೆಯಲ್ಲಿ ತಾನು ಬರುವುದಿಲ್ಲ, ಬೇಕಾದರೆ ನೀವೊಬ್ಬರೇ ಹೋಗಿ ಗೋದಾಮಿನಲ್ಲಿ ಇರಿ ಎಂದು ದ್ವಾರಕಾಬಾಯಿ ಸ್ಪಷ್ಟವಾಗಿ ತಿಳಿಸಿದರು. ಕುಂಭಾರಿಯ ಪ್ಲಾಟು ಕೈಬಿಟ್ಟರೆ ಮನೆಗೆ ಬರಬೇಡಿ ಎಂಬಲ್ಲಿಗೆ ಮಾತು ಮುಗಿಯಿತು.

ಮಲಕಾಜಪ್ಪ ಹೆದ್ದಾರಿ ಎನ್ನುತ್ತಾರೆ. ಕಸ್ತೂರಬಾಯಿ ಚಿಂಚೋಳಿ ಎನ್ನುತ್ತಾರೆ, ಅದೂ ಕಣ್ಣಾರೆ ನೋಡಿದ್ದು. ಮಲಕಾಜಪ್ಪ ವ್ಯಾಪಾರಿ, ತನ್ನ ಪಕ್ಕಕ್ಕೆ ಯಾರಾದರೂ ಇರಲಿ ಎಂದು ಹೇಳಿದ್ದರೂ ಹೇಳಿರಬಹುದು. ಕಸ್ತೂರಬಾಯಿಗಾದರೋ ಸುಳ್ಳು ಹೇಳಿ ಆಗಬೇಕಾದ್ದೇನಿದೆ? ಪ್ರಹ್ಲಾದರಾವ್ ಒಂದು ಕಾಲಿನಲ್ಲಿ ಚಪ್ಪಲಿ, ಒಂದು ಕಾಲಿನಲ್ಲಿ ಕೆಸರು ಇಟ್ಟುಕೊಂಡು ಯೋಚಿಸಿದರು. ಹಸಿ ಎನ್ನಬೇಕೋ, ಒಣ ಎನ್ನಬೇಕೋ? ಯೋಚಿಸಿದಷ್ಟೂ ತಲೆಯೂ ಪ್ಲಾಟಿನಂತೆಯೇ ಆಯಿತು, ಮೇಲೆ ಮುರುಮು, ಒಳಗೆ ಕೆಸರು.

ಅಷ್ಟರಲ್ಲಿ ಹಿಂದಿನ ಹೊಲದ ಬದುವಿನ ಮೇಲಿಂದ ಜೀಪು ಬಂತು.

ಸಾಹೇಬರ ಹೆಸರು ಯೋಗಿರಾಜ, ಅಕ್ಕಲಕೋಟೆಯವರು, ಕನ್ನಡ ಮರಾಠಿ ಎರಡನ್ನೂ ಒಂದೇ ವಾಕ್ಯದಲ್ಲಿ ಮುಗಿಸುವವರು. ಜೊತೆಗೆ ಕಾಲೇಜಿನಲ್ಲಿ ಹಕ್ಕಿಗಳ ಬಗ್ಗೆ ಕಲಿಸುವ ಕೇತಕಿ ಎಂಬ ತರುಣಿ, ಕೊರಳಲ್ಲಿ ದುರ್ಬೀನು. ಹಿಂದೆಯೇ ಮಲಕಾಜಪ್ಪನವರೂ ಬಂದು ನಿಂತರು. ಸಿದ್ದಣ್ಣ ಟ್ಯಾಂಕರಿನ ನೆರಳಲ್ಲಿ ಕುಳಿತು ಬೀಡಿ ಹಚ್ಚಿದ್ದ.

ಪ್ರಹ್ಲಾದರಾವ್ ಕೈಮುಗಿದು, ಬದಲಿ ಪ್ಲಾಟುಗಳು ಎಲ್ಲಿ ಎಂದು ಮೊದಲು ಒಂದು ಮಾತು ಹೇಳಿಬಿಟ್ಟರೆ ಉಪಕಾರವಾಗುತ್ತದೆ ಎಂದು ಕೇಳಿಕೊಂಡರು. ಯೋಗಿರಾಜ ತಲೆಯಲ್ಲಾಡಿಸಿದರು.

“ಅದ ಹೇಳಂಗಿಲ್ಲರಿ. ಮೊದಲ ಪಂಚನಾಮಾ, ಆಮ್ಯಾಲ ನಕಾಶಾ. ಮೊದಲ ಹೇಳಿದರ ನಿಮ್ಮ ಜಮೀನು ನಿಮಗ ಬೇಕಾದಾಂಗ ಹಸಿ ಆಗತೈತಿ, ಒಣಗತೈತಿ. ಏನೈತಿ ಅದನ್ನ ಹೇಳ್ರಿ. ಇದು ಹಸಿಯೋ, ಒಣವೋ?”

ಪ್ರಹ್ಲಾದರಾವ್ ಮಲಕಾಜಪ್ಪನವರ ಮುಖ ನೋಡಿದರು, ಅವರು ಕಣ್ಣಿನಲ್ಲಿಯೇ ಹಸಿ ಎಂದರು. ಕಿಸೆಯಲ್ಲಿನ ಫೋನು ಮುಟ್ಟಿಕೊಂಡರು, ಅದು ಇನ್ನೂ ಬಿಸಿಯಾಗಿತ್ತು. ಹನ್ನೊಂದು ವರ್ಷದ ಸಂಸಾರ ಯಾವ ಕಡೆ ವಾಲಬೇಕೋ ಆ ಕಡೆಯೇ ವಾಲಿತು.

“ಒಣರಿ, ಪಕ್ಕಾ ಒಣ,” ಎಂದರು.

“ಫಾರ್ಮಿನಾಗ ಭರಪೂರ ಅಂತ ಬರದೀರಿ. ಮತ್ತ ಈ ಕೆಸರು?”

ಉತ್ತರ ಕೊಟ್ಟದ್ದು ಸಿದ್ದಣ್ಣ. ಬೇರೆಯವರ ವ್ಯವಹಾರದಲ್ಲಿ ಬಾಯಿ ಹಾಕದಿದ್ದರೂ ತನ್ನ ನೀರಿನ ವಿಷಯದಲ್ಲಿ ಸುಮ್ಮನಿರುವವನಲ್ಲ. “ಆ ನೀರು ನಂದರಿ. ಮೂರು ಟ್ಯಾಂಕರ್ ಹಾಕೀನಿ, ಸಾಕ್ಷಿ ಬೇಕಂದ್ರ ಹೇಳ್ತೀನಿ. ಈ ಜಾಗಾ ಒಂಟೆ ಇದ್ದಂಗ ಐತ್ರಿ, ಎಷ್ಟ ಹಾಕಿದರೂ ಕುಡೀತೈತಿ.”

ಒಣ ಜಾಗಕ್ಕೆ ನೀರು ಯಾಕೆ ಹಾಕಿಸಿದಿರಿ ಎಂದು ಸಾಹೇಬರು ಕೇಳಿದರು. ಸಾಹೇಬರು ಬರುವವರಿದ್ದಿರಿ, ಧೂಳು ಏಳಬಾರದೆಂದು ಅಂಗಳಕ್ಕೆ ನೀರು ಚಿಮುಕಿಸಿ ಥಳಿ ಹೊಡೆಸುವ ಹಾಗೆ ಹೊಡೆಸಿದೆ ಎಂದು ಪ್ರಹ್ಲಾದರಾವ್ ಹೇಳಿದರು. ಮೂರು ಟ್ಯಾಂಕರ್ ಥಳಿಯ ಮರ್ಯಾದೆ ತಮ್ಮ ನೌಕರಿಯಲ್ಲಿ ಇದುವರೆಗೆ ಯಾರೂ ಮಾಡಿರಲಿಲ್ಲ ಎಂದು ಯೋಗಿರಾಜರಿಗೆ ಸ್ವಲ್ಪ ಸಂತೋಷವೇ ಆಯಿತು. ಆದರೂ ಅನುಮಾನ ಹೋಗಲಿಲ್ಲ.

ಆಗ ಪ್ರಹ್ಲಾದರಾಯರಿಗೆ ಎಲ್ಲಿಲ್ಲದ ಹುರುಪು ಬಂತು. ಬೆಳಿಗ್ಗೆಯಿಂದ ಯಾರೋ ಹೇಳಿದಂತೆ ಕುಣಿದು ಸಾಕಾಗಿತ್ತು, ಈಗ ತಮ್ಮ ಸ್ವಂತ ಬುದ್ಧಿಯೊಂದು ಹೊಳೆದಿತ್ತು. ಸಾಹೇಬರ ಕೈ ಹಿಡಿದು ಪ್ಲಾಟಿನ ಅಂಚಿಗೆ ಕರೆದುಕೊಂಡು ಬಂದರು.

“ನೀರು ನೋಡಬೇಕೇನ್ರಿ? ಇಲ್ಲಿ ನೋಡ್ರಿ. ನೀರೆಲ್ಲಾ ಈ ರಸ್ತಾದ ಜಾಗಾದಾಗ ಅದ. ನನ್ನ ಪ್ಲಾಟಿಗೆ ಇದರ ಸಂಬಂಧನ ಇಲ್ಲ.”

ಕೇತಕಿ ಆಗಲೇ ದುರ್ಬೀನು ಕಣ್ಣಿಗೆ ಹಚ್ಚಿದ್ದರು. ಜೊಂಡಿನ ನಡುವೆ, ಕೋಲಿನಂಥ ಕೆಂಪು ಕಾಲುಗಳ ಕಪ್ಪು ಬಿಳುಪು ಹಕ್ಕಿಗಳು ಸಾಲಾಗಿ ನಿಂತು ಕೆಸರು ಕೆದಕುತ್ತಿದ್ದವು. ಅವರು ಉಸಿರು ಬಿಗಿಹಿಡಿದು ಎಣಿಸುತ್ತ, ಇಷ್ಟು ಒಳ್ಳೆಯ ಜಾಗ ಈ ಕಡೆಗೆಲ್ಲ ನೋಡಿರಲಿಲ್ಲ ಎಂದರು. ಪ್ರಹ್ಲಾದರಾವ್ ತಮ್ಮ ಮಗಳನ್ನು ಹೊಗಳಿದಂತೆ ಹಿಗ್ಗಿದರು. ಅಲ್ಲಿ ಕಪ್ಪೆಗಳಿವೆ, ಏಡಿಗಳಿವೆ, ಬೇಸಿಗೆಯಲ್ಲಿಯೂ ಬತ್ತುವುದಿಲ್ಲ, ಕಳೆದ ವರ್ಷ ಒಂದು ಎಮ್ಮೆ ಕೊರಳಮಟ್ಟ ಸಿಕ್ಕಿಬಿದ್ದಿತ್ತು ಎಂದು ನಿಜವನ್ನೇ ಹೇಳಿದರು. ಎಮ್ಮೆಯನ್ನು ಎಳೆದವನು ತಾನೇ ಎಂದು ಸಿದ್ದಣ್ಣ ಸಾಕ್ಷಿ ನುಡಿದ.

ಯೋಗಿರಾಜರಿಗೆ ನಂಬಿಕೆ ಬಂತು. ಪಂಚನಾಮೆ ಬರೆಯುವ ಅವರ ಗುಮಾಸ್ತ ಅಂದು ರಜೆಯಲ್ಲಿದ್ದ. ಬರೆಯುವವರು ಯಾರು ಎಂದಾಗ ಮಲಕಾಜಪ್ಪನವರು, ರಾವ್‌ಸಾಹೇಬರಂಥ ಅಕ್ಷರ ಇಡೀ ಜಿಲ್ಲೆಯಲ್ಲಿ ಇಲ್ಲ ಎಂದರು. ಅಕ್ಷರದ ಮಾತು ಬಂದರೆ ಪ್ರಹ್ಲಾದರಾವ್ ಎಲ್ಲವನ್ನೂ ಮರೆಯುವವರು. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹಾಸಿ, ಮರಾಠಿಯಲ್ಲಿ, ಶಿರೋರೇಖೆ ಎಳೆದು, ಎರಡು ಪುಟ ಬರೆದರು. ಪ್ಲಾಟ್ ನಂಬರ್ ಇಪ್ಪತ್ಮೂರು ಪೂರ್ತಿ ಒಣ, ಮೂರು ಟ್ಯಾಂಕರ್ ನೀರು ಹಾಕಿದರೂ ಒಣ. ಅದರ ಮುಂದಿನ ರಸ್ತೆಯ ಜಾಗ ಈ ತುದಿಯಿಂದ ಆ ತುದಿಯವರೆಗೆ ಹಸಿ, ಹನ್ನೆರಡು ತಿಂಗಳೂ ಹಸಿ, ಹಕ್ಕಿಗಳ ನೆಲೆ, ಎಮ್ಮೆಯ ಸಂಗತಿ ಕೂಡ. ‘ಹನ್ನೆರಡು ತಿಂಗಳೂ’ ಎಂಬಲ್ಲಿ ಹಳೆಯ ರೂಢಿಯಂತೆ ಕೆಳಗೆ ಗೆರೆ ಎಳೆದರು. ಮಲಕಾಜಪ್ಪನವರೂ ಸಿದ್ದಣ್ಣನೂ ಪಂಚರೆಂದು ಓದದೆಯೇ ಸಹಿ ಮಾಡಿದರು. ಪಂಚರು ಓದುವ ಪದ್ಧತಿ ಎಲ್ಲಿಯೂ ಇಲ್ಲ.

ಸಹಿಯ ಮೇಲೆ ಕಚೇರಿಯ ಶಿಕ್ಕೆ ಬಿದ್ದ ಮೇಲೆ ಯೋಗಿರಾಜ ನಕಾಶೆಯ ಸುರುಳಿ ಬಿಚ್ಚಿದರು. ಬದಲಿ ಪ್ಲಾಟುಗಳು ಅಕ್ಕಲಕೋಟೆಯ ಹೆದ್ದಾರಿಗೆ ಅಂಟಿಕೊಂಡು, ಬಸ್ ನಿಲ್ಲುವಲ್ಲಿಯೇ ಇದ್ದವು. ಇಪ್ಪತ್ತರಿಂದ ಇಪ್ಪತ್ತಾರರ ತನಕ ಎಲ್ಲರಿಗೂ ಅಲ್ಲಿ ಜಾಗ, ಒಣ ಎಂದು ಸಾಬೀತಾದ ಇಪ್ಪತ್ಮೂರನ್ನು ಬಿಟ್ಟು. ಮಲಕಾಜಪ್ಪನವರಿಗೆ ಮೂಲೆಯದು.

“ಇರಲಿ ಬಿಡ್ರಿ, ನಮ್ಮದು ನಮಗ ಉಳೀತಲ್ಲ,” ಎಂದರು ಪ್ರಹ್ಲಾದರಾವ್.

“ಉಳೀತರಿ, ಯಾರೂ ಮುಟ್ಟಂಗಿಲ್ಲ,” ಎಂದ ಯೋಗಿರಾಜ ರಬ್ಬರೂ ನೀಲಿ ಪೆನ್ಸಿಲೂ ತೆಗೆದು, ಪಂಚನಾಮೆಯನ್ನು ನೋಡುತ್ತ ನಕಾಶೆಯ ಮೇಲಿನ ಮುಖ್ಯ ರಸ್ತೆಯ ಎರಡು ಗೆರೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಅಳಿಸಿ ಅಲ್ಲಿ ನೀಲಿ ಬಣ್ಣ ತುಂಬಿದರು. “ರಸ್ತಾ ಅಷ್ಟ ರದ್ದಾತು. ಹಸಿ ಐತಿ ಅಂತ ನೀವ ಬರದೀರಲ್ಲ. ಇಷ್ಟ ಛಂದ ಪಂಚನಾಮಾ ಇರೋ ಮುಂದ ನಾವೂ ಏನೂ ಮಾಡಾಕ ಬರಂಗಿಲ್ಲ.”

ಪ್ರಹ್ಲಾದರಾವ್ ನಕಾಶೆಯನ್ನು ನೋಡಿದರು. ನಾಲ್ಕೂ ಕಡೆ ನೀಲಿ, ನಡುವೆ ಒಂದು ಸಾಸಿವೆಯಷ್ಟು ಬಿಳಿ. ಹಿಂದಿನ ಹೊಲದ ಬದುವಿನ ಮೇಲಿಂದಾದರೂ ಹೋಗಬಹುದೇ ಎಂದು ಸಿದ್ದಣ್ಣನ ಕಡೆ ತಿರುಗಿದರು. ಹೊಲದವನು ಬೆಳಿಗ್ಗೆಯ ಟ್ರಾಲಿಗಳಿಂದಾಗಿ ಆಗಲೇ ಮುಳ್ಳು ಬೇಲಿ ಹಚ್ಚಲು ಶುರು ಮಾಡಿದ್ದಾನೆ ಎಂದು ಸಿದ್ದಣ್ಣ ತಿಳಿಸಿದ. ಕೇತಕಿ ಬಹಳ ವಿನಯದಿಂದ ಬಂದು, ಕೆರೆಯ ನಡುವೆ ಒಣಗಿರುವ ಜಾಗ ಇದೊಂದೇ ಆದ್ದರಿಂದ ಹಕ್ಕಿ ನೋಡಲು ಇಲ್ಲಿ ಒಂದು ಅಟ್ಟಣೆ ಕಟ್ಟಿಕೊಳ್ಳಲು ಒಪ್ಪಿಗೆ ಕೊಡುತ್ತೀರಾ, ನಾವು ಹರಿಗೋಲಿನಲ್ಲಿ ಬರುತ್ತೇವೆ ಎಂದು ಕೇಳಿದರು.

ಸಂಜೆ ಆರಕ್ಕೆ ವಾಡೆ ಮುಟ್ಟುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಬಂದಿತ್ತು. ‘ನಕಾಶೆ ಬದಲಾದರೂ ಇಪ್ಪತ್ಮೂರನೇ ಪ್ಲಾಟು ಸುರಕ್ಷಿತ, ರಾವ್‌ಸಾಹೇಬರಿಗೆ ಅಭಿನಂದನೆ, ಪೇಢೆ ಯಾವಾಗ?’ ಎಂದು ಉದಯಕುಮಾರ ಕಾಲನಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದ. ಅದರ ಕೆಳಗೆ ಇಪ್ಪತ್ತೊಂಬತ್ತು ಜನ ಕೈಮುಗಿದಿದ್ದರು. ಕಸ್ತೂರಬಾಯಿ ಬಾಗಿಲಲ್ಲಿಯೇ ಸಿಕ್ಕು, ಮುಂದಿನ ವರ್ಷದ ದೀಪಾವಳಿಯ ಹೊತ್ತಿಗೆ ಖೋಲಿ ಖಾಲಿ ಮಾಡುತ್ತೇವೆಂದು ದ್ವಾರಕಾ ಮಾತು ಕೊಟ್ಟಿದ್ದಾಳೆ, ನನ್ನ ಅಣ್ಣನ ಮಗನಿಗೆ ಬರಹೇಳಿದ್ದೇನೆ ಎಂದು ಹೇಳಿ ಬಹಳ ಸಂತೋಷಪಟ್ಟರು. ಚಿಂಚೋಳಿಯ ನಕಾಶೆ ಎಲ್ಲಿ ನೋಡಿದಿರಿ ಎಂದು ಪ್ರಹ್ಲಾದರಾವ್ ಕ್ಷೀಣ ದನಿಯಲ್ಲಿ ಕೇಳಿದರು.

“ನಿಮ್ಮ ಮನ್ಯಾಗ ನೋಡೀನಿ. ಹೋದ ವಾರ ಉಪ್ಪಿನಕಾಯಿ ಬರಣಿ ತಗೋಳಾಕ ಬಂದಾಗ ಫಳಿ ಮ್ಯಾಲ ಹಾಸಿದ್ರಲ್ಲ.”

ಅದು ಆರು ವರ್ಷದ ಹಿಂದೆ ಬೇರೊಂದು ಕಂಪನಿಯವರು ಚಿಂಚೋಳಿಯಲ್ಲಿ ಮಾಡಬೇಕೆಂದು ಬಿಟ್ಟುಬಿಟ್ಟ ಕಾಲನಿಯ ನಕಾಶೆ. ಗಟ್ಟಿ ಕಾಗದ ಹಾಳಾಗಬಾರದೆಂದು ಕತ್ತರಿಸಿ ಬರಣಿ ಇಡುವ ಫಳಿಗೆ ಹಾಸಿದವರು ಪ್ರಹ್ಲಾದರಾವ್ ಸ್ವತಃ.

ಒಳಗೆ ಸಜ್ಜಕದ ಹೋಳಿಗೆಯ ಪರಿಮಳ ತುಂಬಿತ್ತು. ದ್ವಾರಕಾಬಾಯಿ ಹೊಸ ಸೀರೆ ಉಟ್ಟು, ದೇವರ ಮುಂದೆ ದೀಪ ಹಚ್ಚಿ, ಹನ್ನೊಂದು ವರ್ಷದಲ್ಲಿ ಎಂದೂ ನಗದಷ್ಟು ನಗುತ್ತಿದ್ದರು. ಪ್ರಹ್ಲಾದರಾಯರು ಹೊಸ್ತಿಲ ಹೊರಗೇ ನಿಂತರು. ಆ ನಗುವನ್ನು ಹೇಗೆ ಕೆಡಿಸುವುದೋ ಅವರಿಗೆ ತಿಳಿಯಲಿಲ್ಲ.

“ದ್ವಾರಕಾ, ನೀ ಕೇಳ್ತಿದ್ದ್ಯಲ್ಲ, ಬಾಗಿಲ ಮುಂದ ನೀರಿರಬೇಕು ಅಂತ.”

“ಹೌದು. ಅದನ?”

“ಅದ. ಬಾಗಿಲ ಮುಂದನೂ ಅದ, ಹಿಂದನೂ ಅದ. ನಾಕೂ ಕಡೆ ಅದ.”

ದ್ವಾರಕಾಬಾಯಿ ಅವರ ಮುಖ ನೋಡಿದರು, ಒಂದೇ ಚಪ್ಪಲಿ ನೋಡಿದರು, ಮೊಣಕಾಲಿನ ತನಕ ಒಣಗಿದ ಕೆಸರು ನೋಡಿದರು. ನಂತರ ಬಾಗಿಲ ಪಕ್ಕದ ಒಂಬತ್ತು ಕೊಡಗಳ ಕಡೆ ನೋಡಿದರು. ಅವು ಇನ್ನೂ ಐದು ದಿನ ಬರಬೇಕಿತ್ತು.

“ಅಷ್ಟು ನೀರಿದ್ದರ ಕಾಲು ಅಲ್ಲೇ ತೊಳಕೊಂಡು ಬರಬಾರದಿತ್ತೇನ್ರಿ,” ಎಂದರು.